ಪಡಸಾಲೆ ಪೋಸ್ಟಾಫೀಸಿನ ಮುಷ್ಕರಗಳು

ಅಂಚೆಯವರು ಮುಷ್ಕರ ಹೂಡಿದರೆ ಊರಿಗೆ ಕಾಗದ ಬರುವುದಿಲ್ಲ, ಅಷ್ಟೇ ತಾನೇ ಅಂತ ಜನ ಅಂದುಕೊಂಡಿದ್ದಾರೆ. ನಮ್ಮ ಮನೆಗೆ ಬಂದು ನೋಡಬೇಕು. ಮುಷ್ಕರ ಅಂದ ಕೂಡಲೇ ನಮ್ಮಲ್ಲಿ ಅನ್ನ ಬೇಯುವುದು ನಿಲ್ಲುತ್ತದೆ, ಅತ್ತೆಗೆ ಎಲೆಯಡಿಕೆ ಸಿಗುವುದು ನಿಲ್ಲುತ್ತದೆ, ಎಂದೂ ನಡೆಯದಂಥದ್ದು ಏನಾದರೊಂದು ನಡೆದೇ ತೀರುತ್ತದೆ.

ನಾನು ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆಯಿಂದ ಒಳಕ್ಕಿರುವ ಒಂದು ಹಳ್ಳಿಯ ಪೋಸ್ಟ್ ಮಾಸ್ಟರು. ಊರಿನವರ ಬಾಯಲ್ಲಿ 'ಪೋಸ್ಟಮ್ಮ'. ಹಳ್ಳಿಯ ಅಂಚೆ ಕಚೇರಿಗೆ ಜಾಗ ಹೊಂದಿಸಬೇಕಾದವರು ಆ ಕೆಲಸಕ್ಕೆ ಸೇರಿದವರೇ. ಹಾಗಾಗಿ ನಮ್ಮ ಮನೆಯ ಪಡಸಾಲೆಯೇ ಆಫೀಸು. ನಮ್ಮದು ಹಳೇ ಕಾಲದ ಉದ್ದನೆಯ ಮನೆ. ಮೊದಲು ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಬೀದಿಯಿಂದ ಬಂದವರು ಸರ್ಕಾರವನ್ನು ದಾಟಿಯೇ ಒಲೆ ಹತ್ತಿರ ಹೋಗಬೇಕು.

ಇಲಾಖೆಯ ಲೆಕ್ಕದಲ್ಲಿ ನಾವು ಪೂರ್ತಿ ನೌಕರರಲ್ಲ, 'ಸೇವಕರು'. ದಿನಕ್ಕೆ ಇಂತಿಷ್ಟೇ ಗಂಟೆ ಕೆಲಸ ಅಂತ ನಿಯಮದಲ್ಲಿದೆ. ಊರಿನವರು ನಿಯಮ ಓದಿಲ್ಲ, ಊಟಕ್ಕೆ ಕೂತಿದ್ದಾಗಲೂ ಬಂದು ಬಾಗಿಲು ತಟ್ಟುತ್ತಾರೆ. ನಮ್ಮನ್ನೂ ನೌಕರರು ಅಂತ ಒಪ್ಪಿಕೊಳ್ಳಿ, ವಯಸ್ಸಾದ ಮೇಲೆ ಪಿಂಚಣಿ ಕೊಡಿ ಅಂತ ಆಗಾಗ ಮುಷ್ಕರ ನಡೆಯುತ್ತದೆ. ಈಗ ನೆನೆಸಿಕೊಂಡರೆ ಪ್ರತಿಯೊಂದಕ್ಕೂ ನಗು ಬರುತ್ತದೆ. ನಡೆಯುವಾಗ ಮಾತ್ರ ಒಂದು ಸಲವೂ ನಗು ಬಂದದ್ದಿಲ್ಲ.

ಮಾವನವರ ಒಂಟಿ ಮುಷ್ಕರ

ಇದು ನಾನು ಕಂಡದ್ದಲ್ಲ, ಅತ್ತೆ ಹೇಳಿದ್ದು. ನನಗಿಂತ ಮೊದಲು ನಮ್ಮ ಮಾವನವರೇ ಇದೇ ಪಡಸಾಲೆಯಲ್ಲಿ ಅಂಚೆ ನಡೆಸುತ್ತಿದ್ದರು. ಆಗ ಊರಿಗೆ ಫೋನಿಲ್ಲ. ಮುಷ್ಕರದ ಕರೆ ಬರುತ್ತಿದ್ದದ್ದೂ ಅಂಚೆ ಕಾರ್ಡಿನಲ್ಲೇ. ಕರೆ ಕೊಟ್ಟ ಸಂಘದವರಿಗೆ ಒಂದು ವಿಷಯ ಹೊಳೆದಿರಲಿಲ್ಲ. ಕಾರ್ಡು ದಾರಿಯಲ್ಲಿರುವಾಗಲೇ ಮುಷ್ಕರ ಶುರುವಾಯಿತು, ಕಾರ್ಡೂ ಮುಷ್ಕರದಲ್ಲಿ ಸಿಕ್ಕಿಕೊಂಡಿತು.

ಮುಷ್ಕರ ಮುಗಿದು ಮೊದಲ ಟಪಾಲು ಚೀಲ ಬಂದಾಗ ಆ ಕಾರ್ಡೂ ಬಂತು. 'ಈ ಕಾಗದ ಕಂಡ ಕೂಡಲೇ ಕೆಲಸ ನಿಲ್ಲಿಸತಕ್ಕದ್ದು' ಅಂತ ಬರೆದಿತ್ತು. ಮಾವ ನಿಯಮದ ಮನುಷ್ಯ. ಕಂಡ ಕೂಡಲೇ ನಿಲ್ಲಿಸಿದರು. ದೇಶವೆಲ್ಲ ಕೆಲಸಕ್ಕೆ ಮರಳಿದ ಮೇಲೆ ನಮ್ಮ ಪಡಸಾಲೆಯೊಂದರಲ್ಲಿ ಮುಷ್ಕರ ಶುರುವಾಯಿತು. ಆಮೇಲೆ ಬಂದ ಚೀಲಗಳನ್ನೆಲ್ಲ ಹಾಗ್ಹಾಗೇ ಮೂಲೆಯಲ್ಲಿ ಪೇರಿಸಿಟ್ಟರು.

ಕೊನೆಗೆ ಮೇಲಧಿಕಾರಿಯೊಬ್ಬರು ಜೀಪಿನಲ್ಲಿ ಬಂದಿಳಿದರು. ಅತ್ತೆಗೆ ಜೀವ ಬಾಯಿಗೆ ಬಂತು. ನಮ್ಮಂಥವರನ್ನು ಕೆಲಸದಿಂದ ಹೊರಗೆ ಕೂರಿಸುವುದಕ್ಕೆ ಇಲಾಖೆಯಲ್ಲಿ 'ಪುಟ್ ಆಫ್' ಅನ್ನುತ್ತಾರೆ. ಆ ಮಾತು ಎಷ್ಟು ಭಯದ್ದೆಂದರೆ ನಮ್ಮ ಮನೆಯಲ್ಲಿ ಅಳುವ ಮಕ್ಕಳಿಗೆ ಗುಮ್ಮ ಬರುತ್ತಾನೆ ಅನ್ನುವುದಿಲ್ಲ, 'ಪುಟಾಫು ಬತ್ತದೆ, ಸುಮ್ಕಿರು' ಅನ್ನುತ್ತಾರೆ.

"ಯಾಕ್ರೀ ಬಾಗಿಲು ಹಾಕಿದ್ದೀರಿ?" ಅಂತ ಅಧಿಕಾರಿ ಗುಡುಗಿದರು.

"ಮುಷ್ಕರ ಸ್ವಾಮಿ."

"ಅದು ಮುಗಿದು ಎಷ್ಟು ದಿನ ಆಯ್ತು!"

"ಮುಗ್ದದೆ ಅಂತ ನಮಗೆ ಕಾಗ್ದ ಬಂದಿಲ್ಲ ಸ್ವಾಮಿ."

"ಬಂದಿದೆ ಕಣ್ರೀ! ಅಗೋ, ಆ ಮೂಲೇಲಿರೋ ಚೀಲದೊಳಗೇ ಇದೆ!"

ಮಾವ ಕೈಮುಗಿದು ಅಂದರಂತೆ: "ಮುಷ್ಕರದಲ್ಲಿ ಚೀಲ ಬಿಚ್ಚಂಗಿಲ್ಲವಲ್ಲ ಸ್ವಾಮಿ."

ಸಂಪು

ಮಾವನವರು ಹೋದ ಮೇಲೆ ಆ ಕೆಲಸಕ್ಕೆ ಅರ್ಜಿ ಕರೆದರು. ಊರಿನಿಂದ ಇಬ್ಬರು ಹಾಕಿದೆವು. ನಾನೊಬ್ಬಳು, ನಮ್ಮ ಹಿತ್ತಲ ಮನೆಯ ವಾರಗಿತ್ತಿ ಒಬ್ಬಳು. ಅವಳು ನಮ್ಮ ಚಿಕ್ಕಮಾವನ ಸೊಸೆ. ಹತ್ತನೇ ಕ್ಲಾಸಿನ ಅಂಕ ನೋಡಿ ಕೆಲಸ ಕೊಡುವುದು. ಕನ್ನಡದಲ್ಲಿ ಅವಳು ಮುಂದೆ, ಲೆಕ್ಕದಲ್ಲಿ ನಾನು ಮುಂದೆ. ಲೆಕ್ಕ ನನ್ನನ್ನು ಕಾಪಾಡಿತು. ನಮ್ಮ ಎರಡು ಮನೆಗಳ ನಡುವೆ ಹಿತ್ತಲಿನ ಜಾಗಕ್ಕೆ ಮೊದಲೇ ಜಗಳವಿತ್ತು, ಈಗ ಮಾತೂ ನಿಂತಿತು. ಅವಳ ಕಥೆ ಮುಂದೆ ಬರುತ್ತದೆ.

ಕೆಲಸಕ್ಕೆ ಸೇರಿದ ಮೇಲೆ ನನ್ನ ಮೊದಲ ಮುಷ್ಕರ. ಗುಂಡ್ಲುಪೇಟೆಯಲ್ಲಿದ್ದ ನಮ್ಮ ಸಂಘದ ಕಾರ್ಯದರ್ಶಿ ಕಲಬುರಗಿ ಕಡೆಯವರು. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಕಳಿಸಿದ್ದರು: 'ನಾಳೆಯಿಂದ ಅನಿರ್ದಿಷ್ಟ ಸಂಪು'. ಅವರ ಕಡೆ ಸಂಪು ಅಂದರೆ ಮುಷ್ಕರ. ನಮ್ಮ ಕಡೆ ಸಂಪು ಅಂದರೆ ನೀರು ತುಂಬಿಸಲು ನೆಲದಲ್ಲಿ ತೋಡುವ ತೊಟ್ಟಿ. ನಾನು ಹೆದರಿಕೆಯಲ್ಲಿ ಅದನ್ನೇನೂ ಯೋಚಿಸದೆ ಕಂಬಕ್ಕೆ ನೇತುಹಾಕಿಬಿಟ್ಟೆ.

ಸಂಜೆ ಕೆಳಗಿನ ಬೀದಿಯ ಯಜಮಾನರೊಬ್ಬರು ಬಂದು, "ಪೋಸ್ಟಮ್ಮ, ಸಂಪು ದಿಟವೇ?" ಅಂದರು.

"ಹೂಂ, ದಿಟ."

"ಎಲ್ಲಿ?"

"ಇಲ್ಲೇ, ನಮ್ಮನೆ ಮುಂದೆ. ದೇಶದಲ್ಲೆಲ್ಲಾ ನಡೀತದೆ."

"ದೇಶಕ್ಕೆಲ್ಲಾನಾ! ಎಷ್ಟ್ ದಿನದ ಕೆಲ್ಸ?"

"ಗೊತ್ತಿಲ್ಲ. ಕೇಳಿದ್ದು ಕೊಡೋವರೆಗೂ."

ಯಜಮಾನರು ಮುಖ ಊರಗಲ ಮಾಡಿಕೊಂಡು ಹೋದರು. ಬೆಳಿಗ್ಗೆ ಬಾಗಿಲು ತೆಗೆದರೆ ಕೆಳಗಿನ ಬೀದಿಯವರು ಗುದ್ದಲಿ, ಹಾರೆ ಹಿಡಿದು ನಿಂತಿದ್ದಾರೆ. ಎದುರಿಗೆ ಮೇಲಿನ ಬೀದಿಯವರು ದೊಣ್ಣೆ ಹಿಡಿದು ನಿಂತಿದ್ದಾರೆ. ಸಂಪು ತಮ್ಮ ಬೀದಿಗೇ ಆಗಬೇಕು ಅಂತ ಅವರ ಹಟ. "ನಮ್ ಬೀದಿ ನಲ್ಲೀಲಿ ನೀರು ಬಂದು ಎಷ್ಟ್ ದಿನ ಆಯ್ತು ಗೊತ್ತೇನ್ಲಾ?" ಅಂತ ಒಬ್ಬ. "ನಿಮ್ಗೆ ಬೋರಾದ್ರೂ ಅದೆ, ನಮ್ಗೇನದೆ?" ಅಂತ ಇನ್ನೊಬ್ಬ. ಕೊರಳಪಟ್ಟಿ ಹಿಡಿದದ್ದೂ ಆಯಿತು. ನನ್ನ ಮೊದಲ ಮುಷ್ಕರದಲ್ಲೇ ಒಂದು ತಲೆ ಒಡೆಯುತ್ತದೆ ಅಂತ ನನಗೆ ಖಾತ್ರಿಯಾಗಿ ಹೋಗಿತ್ತು.

ಜಗಲಿಯ ಮೇಲೆ ನಿಂತು ಗಂಟಲು ಹರಿಯುವಂತೆ ಕೂಗಿದೆ. "ಇದು ನೀರಿನ ಸಂಪಲ್ಲ! ಮುಷ್ಕರ! ಕೆಲಸ ಮಾಡದೆ ಕೂತ್ಕೊಳ್ಳೋದಕ್ಕೆ ಆ ಕಡೆಯೋರು ಸಂಪು ಅಂತಾರೆ!"

ಯಜಮಾನರು ಹಾರೆ ಕೆಳಗಿಟ್ಟು ನಿಟ್ಟುಸಿರುಬಿಟ್ಟರು. "ಕೆಲ್ಸ ಮಾಡ್ದೆ ಕೂರೋದು ಸಂಪಾದ್ರೆ, ನಮ್ ಪಂಚಾಯ್ತಿಯೋರು ಆಗ್ಲೇ ಸಂಪು ಮಾಡ್ಬುಟ್ಟವ್ರೆ ಕಣ್ರಲಾ. ನಮಗೇ ಗೊತ್ತಾಗ್ನಿಲ್ಲ."

ಪೋರಾ

ಮುಂದಿನ ಮುಷ್ಕರಕ್ಕೆ ಗುಂಡ್ಲುಪೇಟೆಯಲ್ಲಿ ದೊಡ್ಡ ಪ್ರತಿಭಟನೆ ಇಟ್ಟುಕೊಂಡರು. ನಮ್ಮ ಕಡೆಯವರಿಗೆ ಘೋಷಣೆ ಕೂಗಿ ಅಭ್ಯಾಸ ಕಡಿಮೆ. ಅದಕ್ಕೇ ಗಡಿಯಾಚೆಯಿಂದ ಒಬ್ಬ ಮಲಯಾಳಿ ಮುಖಂಡರನ್ನು ಕರೆಸಿದ್ದರು. ಅವರು ಹೇಳಿಕೊಟ್ಟದ್ದನ್ನು ನಾವು ತಿರುಗಿಸಿ ಕೂಗಬೇಕು, ಅಷ್ಟೇ ಕೆಲಸ.

ಅವತ್ತು ಬಂದೋಬಸ್ತಿಗೆ ನಿಂತಿದ್ದ ಸಬ್ ಇನ್‌ಸ್ಪೆಕ್ಟರು ಹೊಸಬರು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಆದರೆ ಮುಖ ಗಂಟು ಹಾಕಿಕೊಂಡು, ಲಾಠಿಯನ್ನು ಅಂಗೈಗೆ ಬಡಿದುಕೊಳ್ಳುತ್ತ ಓಡಾಡುತ್ತಿದ್ದರು.

ಮುಖಂಡರು ಮುಷ್ಟಿ ಎತ್ತಿ ಒಂದು ಘೋಷಣೆ ಕೂಗಿದರು. ನಾವೂ ಕೂಗಿದೆವು, ಸಣ್ಣ ದನಿಯಲ್ಲಿ. ಅವರಿಗೆ ಸಾಲಲಿಲ್ಲ. "ಉರಕ್ಕೆ ವಿಳಿಕ್ಕೂ!" ಅಂದರು. ಗಟ್ಟಿಯಾಗಿ ಕೂಗಿ ಅಂತ ಅದರ ಅರ್ಥವಂತೆ. ನಮಗೇನು ಗೊತ್ತು? ನಾವು ಅದನ್ನೂ ಘೋಷಣೆ ಅಂದುಕೊಂಡು, "ಉರಕ್ಕೆ ವಿಳಿಕ್ಕೂ!" ಅಂತ ಕೂಗಿದೆವು. ಅವರು ತಲೆ ಅಲ್ಲಾಡಿಸುತ್ತ "ಪೋರಾ! ಪೋರಾ!" ಅಂದರು. ಸಾಲದು, ಸಾಲದು ಅಂತ ಮಲಯಾಳದ ಮಾತು. ಇದು ಸುಲಭವಾಗಿತ್ತು. ಜನಕ್ಕೆಲ್ಲ ಹುರುಪು ಬಂದುಬಿಟ್ಟಿತು. ನೂರಾರು ಕೈ ಮೇಲೆದ್ದವು. "ಪೋರಾ! ಪೋರಾ! ಪೋರಾ!"

ಅಷ್ಟೂ ಕೈಗಳು ಎದುರಿಗೆ ನಿಂತಿದ್ದ ಸಬ್ ಇನ್‌ಸ್ಪೆಕ್ಟರ ಕಡೆಗೇ ತಿರುಗಿದ್ದವು. ಅವರ ಕಿವಿ ಕೆಂಪಾಯಿತು. ಪಕ್ಕದ ಪೇದೆಯನ್ನು, "ಯಾರಿಗ್ರೀ ಪೋರ ಅಂತಿರೋದು?" ಅಂತ ಕೇಳಿದರು. ಪೇದೆ ಆಕಾಶ ನೋಡಿದ. ಲಾಠಿ ಮೇಲೆದ್ದಿತು. ಮುಂದಿನ ಸಾಲಿನಲ್ಲಿದ್ದವಳು ನಾನು. ಓಡಲು ಹಿಂದೆ ಜಾಗವಿಲ್ಲ.

ನಮ್ಮ ಕಲಬುರಗಿ ಕಾರ್ಯದರ್ಶಿ ಅಡ್ಡ ಓಡಿಬಂದರು. "ಸಾಹೇಬ್ರ, ಸಾಹೇಬ್ರ! ನಿಮಗಲ್ರೀ! ಪೋರಾ ಅಂದ್ರ ಮಲಯಾಳಿ ಒಳಗ ಸಾಲಂಗಿಲ್ಲ ಅಂತ್ರೀ!"

ಸಬ್ ಇನ್‌ಸ್ಪೆಕ್ಟರು ಕಾರ್ಯದರ್ಶಿಯನ್ನು ನೋಡಿದರು, ಮುಖಂಡರನ್ನು ನೋಡಿದರು. ಲಾಠಿ ಕೆಳಗಿಳಿಸಿ, "ಸಾಕು ಅನ್ನೋದಕ್ಕೆ ಅವರ ಭಾಷೇಲಿ ಏನಂತಾರೆ?" ಅಂತ ಕೇಳಿದರು.

"ಮತಿ ಅಂತಾರ್ರೀ."

ಅವರು ಸೀದಾ ಹೋಗಿ ಕಟ್ಟೆ ಹತ್ತಿ ನಿಂತು, ಕೈಯೆತ್ತಿ, "ಮತಿ! ಮತಿ!" ಅಂತ ಗದರಿಸಿದರು.

ನಾವೂ ಕೈಯೆತ್ತಿ, ಇನ್ನೂ ಗಟ್ಟಿಯಾಗಿ ಕೂಗಿದೆವು: "ಮತಿ! ಮತಿ! ಮತಿ!"

ಕಿಟಕಿಯಲ್ಲಿ ಕೈ

ಇನ್ನು ಉಳಿದದ್ದೆಲ್ಲ ಮೊನ್ನೆ ಮೊನ್ನೆಯ ಮುಷ್ಕರದ್ದು. ಈಗ ಎಲ್ಲರ ಕೈಯಲ್ಲೂ ಮೊಬೈಲು. ಮುಷ್ಕರದ ದಿನ ಆಫೀಸಿಗೆ ಬೀಗ ಹಾಕಿ, ಆ ಬೀಗದ ಫೋಟೋ ತೆಗೆದು ಸಂಘದ ವಾಟ್ಸಾಪ್ ಗುಂಪಿಗೆ ಹಾಕಬೇಕು ಅಂತ ಕಾರ್ಯದರ್ಶಿಗಳ ಆಜ್ಞೆ. ಬೀಗದ ಫೋಟೋ ಇಲ್ಲ ಅಂದರೆ ಮುಷ್ಕರ ಮುರಿದವರು ಅಂತ ಲೆಕ್ಕ.

ಬೇರೆಯವರದು ಆಫೀಸು. ನಮ್ಮದು ಮನೆ. ಪಡಸಾಲೆಗೆ ಬೀಗ ಹಾಕಿದರೆ ಅತ್ತೆ ಒಳಗೆ ಬಂದಿ. ನನ್ನ ಗಂಡ ತರಕಾರಿ ಲಾರಿಗೆ ಹೇರಿಕೊಂಡು ಕೇರಳಕ್ಕೆ ಹೋಗಿದ್ದರು. ಒಂದು ಗಳಿಗೆಯ ಮಾತು, ಫೋಟೋ ಆದ ಮೇಲೆ ತೆಗೆಯುತ್ತೇನೆ ಅಂತ ಅತ್ತೆಗೆ ಹೇಳಿ ಬೀಗ ಹಾಕಿದೆ. ಫೋಟೋ ತೆಗೆದು ಕಳಿಸಿದೆ. ಫೋನು ಬಡಿದುಕೊಳ್ಳಲು ಶುರುವಾಯಿತು. ಒಬ್ಬರು ಬೆರಳು ತೋರಿಸುವ ಚಿತ್ರ, ಒಬ್ಬರು ಕೋಪದ ಮುಖ. 'ಒಳಗೊಂದು ಹೊರಗೊಂದು ಮಾಡೋರು ಸಂಘದಲ್ಲಿ ಬೇಡ' ಅಂತ ಇನ್ನೊಬ್ಬರು.

ಏನಪ್ಪಾ ಅಂತ ಫೋಟೋ ದೊಡ್ಡದು ಮಾಡಿ ನೋಡಿದೆ. ಬೀಗ ಸರಿಯಾಗಿಯೇ ಬಂದಿದೆ. ಪಕ್ಕದಲ್ಲಿ ಸ್ಟಾಂಪು ಕೊಡುವ ಕಿಟಕಿ. ಅದರಿಂದ ಒಂದು ಕೈ ಹೊರಗೆ ಬಂದಿದೆ. ಬೆರಳ ತುದಿಯಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿದೆ. ಅತ್ತೆ ಸುಣ್ಣ ಹಚ್ಚಿಕೊಂಡು, ವೀಳ್ಯದೆಲೆ ಕೊಡು ಅಂತ ಕೈ ಚಾಚಿದ್ದು!

ಕಾರ್ಯದರ್ಶಿಗಳ ಫೋನು ಬಂದೇ ಬಂತು. "ಅಕ್ಕೋರೆ, ಹೊರಗ ಬೀಗ ಹಾಕಿ ಒಳಗ ಯಾರನ್ನ ಕೂಡ್ಸೀರಿ? ಕೈ ಕಾಣ್ಲತ್ತದ. ಬೆರಳಿಗೆ ಅಂಟು ಹತ್ತ್ಯದ!"

"ಅಂಟಲ್ಲ ಸಾರ್, ಸುಣ್ಣ. ಅದು ನಮ್ಮತ್ತೆ ಕೈ."

"ಅತ್ತೀಗೆ ಯಾವಾಗ ಕೆಲಸ ಕೊಟ್ರಿ?"

ನನ್ನ ಮಾತು ಅವರು ನಂಬಲಿಲ್ಲ. ಸಂಘದಿಂದ ಹೊರಗೆ ಹಾಕುತ್ತಾರೆ ಅಂತ ನನಗೆ ಅಳು ಬರುವಂತಾಯಿತು. ನೀವೇ ಹೇಳಿ ಅತ್ತೆ, ಒಳಗೆ ಯಾರೂ ಕೆಲಸ ಮಾಡ್ತಿಲ್ಲ ಅಂತ ಹೇಳಿ, ಅಂತ ಫೋನನ್ನು ಕಿಟಕಿಯೊಳಗೆ ಕೊಟ್ಟೆ.

ಅತ್ತೆ ಫೋನನ್ನು ಬಾಯಿಯ ಹತ್ತಿರ ಹಿಡಿದು, "ಕೆಲ್ಸಾನಾ ಕೇಳ್ತಿದ್ದೀಯ ಮಗಾ? ಈ ಮನೇಲಿ ನಂಗ್ಯಾವತ್ತು ಕೆಲ್ಸ ನಿಂತದೆ? ಒತ್ತಾರೆಯಿಂದ ಮಾಡ್ತಾನೇ ಇವ್ನಿ. ಸೊಂಟ ಬಿದ್ದೋಗದೆ!" ಅಂದರು.

ಫೋನಿನಲ್ಲಿ ಕಾರ್ಯದರ್ಶಿಗಳ ದನಿ ಕೇಳಿಸಿತು: "ಅಕ್ಕೋರೆ, ಒಪ್ಕೊಂಡ್ರಲ್ರೀ!"

ಸರ್ಕಾರ ದಾಟಿ ಸಾರು

ಕೊನೆಗೆ ಅತ್ತೆಯ ಪೂರ್ತಿ ಮುಖದ ಫೋಟೋ ಕಳಿಸಿ ಸಂಘದವರನ್ನು ಸಮಾಧಾನ ಮಾಡಿದ್ದಾಯಿತು. ಅಷ್ಟರಲ್ಲಿ ಇಲಾಖೆಯ ಕಡೆಯಿಂದ ಓವರ್‌ಸಿಯರ್ ಬಂದರು. ಹಳ್ಳಿ ಆಫೀಸುಗಳನ್ನು ತಪಾಸಣೆ ಮಾಡುವವರು ಅವರು. ಚಂದಕವಾಡಿ ಕಡೆಯವರು, ಮಾತು ಮೆತ್ತಗೆ, ಕಣ್ಣು ಮಾತ್ರ ಹದ್ದಿನದು. ಬೈಕನ್ನು ನಮ್ಮ ಬೇವಿನ ಮರಕ್ಕೆ ಒರಗಿಸಿ ಎದುರಿಗೇ ಕಲ್ಲಿನ ಮೇಲೆ ಕೂತುಬಿಟ್ಟರು.

"ನೋಡು ತಾಯಿ, ಆಫೀಸ್ ಟೈಮಲ್ಲಿ ನೀನು ಪಡಸಾಲೆ ಒಳಕ್ಕೆ ಕಾಲಿಟ್ರೆ ಡ್ಯೂಟಿಗೆ ಬಂದೆ ಅಂತ ಬರ್ಕತೀನಿ. ಇಡ್ನಿಲ್ಲ ಅಂದ್ರೆ ಪುಟ್ ಆಫ್‌ಗೆ ಬರೀತೀನಿ. ಎರಡ್ರಲ್ಲಿ ಒಂದು ನೀನೇ ಆರಿಸ್ಕೊ."

ಕಾಲಿಟ್ಟರೆ ಸಂಘ ಹೊರಗೆ ಹಾಕುತ್ತದೆ, ಇಡದಿದ್ದರೆ ಇಲಾಖೆ ಹೊರಗೆ ಹಾಕುತ್ತದೆ. ಈ ನಡುವೆ ಅತ್ತೆಯ ಊಟ. ಅವರಿಗೆ ಕಣ್ಣು ಮಂಜು, ಒಲೆ ಹತ್ತಿರ ಬಿಡಲು ನನಗೆ ಭಯ. ಲಿಂಗಪೂಜೆ ಮುಗಿಸಿದ ಮೇಲೆ ಬಿಸಿಯಾಗಿ ಏನಾದರೂ ಹೊಟ್ಟೆಗೆ ಬೀಳದಿದ್ದರೆ ತಲೆ ಸುತ್ತಿ ಬೀಳುತ್ತಾರೆ. ಹಿಂದಿನಿಂದ ಒಂದು ಬಾಗಿಲಿದೆ. ಅದು ತೆರೆಯುವುದು ವಾರಗಿತ್ತಿಯ ಹಿತ್ತಲಿಗೆ. ಜಗಳವಾದಂದಿನಿಂದ ಅದಕ್ಕೆ ಅಗುಳಿ ಬಿದ್ದಿತ್ತು.

ಬೇರೆ ದಾರಿಯಿರಲಿಲ್ಲ. ಅತ್ತೆಗೆ ಒಳಗಿನಿಂದ ಅಗುಳಿ ತೆಗೆಯಲು ಹೇಳಿ, ಬೀದಿ ಸುತ್ತಿಕೊಂಡು, ಬೆಕ್ಕಿನ ಹೆಜ್ಜೆ ಇಡುತ್ತ ಅವಳ ಹಿತ್ತಲಿಗೆ ನುಗ್ಗಿದೆ. ಅವಳು ಹಸುವಿಗೆ ನೀರು ಕುಡಿಸುತ್ತಿದ್ದಳು. ನನ್ನನ್ನು ನೋಡಿದಳು. ಹಸುವಿನ ಕಡೆ ತಿರುಗಿ, "ನೋಡಿದ್ಯೇನೇ? ಇಷ್ಟ್ ದಿನ ಇತ್ಲು ಬೇಡ್ವಾಗಿತ್ತು. ಈಗ ಸರ್ಕಾರಿ ನೌಕರರು ಕದ್ದು ಕದ್ದು ಬತ್ತಾವ್ರೆ" ಅಂದಳು. ಹಸು ನನ್ನ ಮುಖ ನೋಡಿತು.

ಒಲೆ ಹಚ್ಚಿ ಸಾರಿಗಿಟ್ಟು ಸೌಟು ಆಡಿಸುತ್ತಿದ್ದೆ. ಹಸುವಿಗೆ ಹೇಳಿದ ಸುದ್ದಿ ಓವರ್‌ಸಿಯರಿಗೂ ತಲುಪಿತೋ ಏನೋ. ಪಡಸಾಲೆ ಕಿಟಕಿಯಲ್ಲಿ ಅವರ ಮುಖ ಕಂಡಿತು. ನಡುಮನೆ ದಾಟಿ ಅವರ ಕಣ್ಣು ನೇರ ನನ್ನ ಮೇಲೆ.

"ಸಿಕ್ಕಾಕ್ಕೊಂಡ್ಯಲ್ಲಮ್ಮ! ಬರ್ಕಳ್ಳಾ, ಡ್ಯೂಟಿಗೆ ಬಂದವ್ಳೆ ಅಂತ?"

"ನಾನು ಅಡುಗೆಮನೇಲಿದ್ದೀನಿ ಸಾರ್. ಅಡುಗೆಮನೆ ಇಲಾಖೆಗೆ ಸೇರಿಲ್ಲ."

ಅವರು ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಅಡುಗೆಮನೆ ಸೇರಿಲ್ಲ, ಸರಿ. ಸಾರಿನ ವಾಸ್ನೆ ಪಡಸಾಲೆಗೆ ಬತ್ತಾ ಅದಲ್ಲ, ಅದಕ್ಕೇನಂತೀಯ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ನಡುಮನೆಯಿಂದ ಅಂದರು: "ವಾಸ್ನೆ ಆಜ್ರಿ ಆಗದೆ ಅಂತ ಬರ್ಕಳಪ್ಪ. ಸಾರು ಮುಷ್ಕರದಲ್ಲಿ ಅದೆ."

ಬದಲಿ

ಆದರೆ ಮುಷ್ಕರ ಮುಗಿಯುವ ಸೂಚನೆ ಕಾಣಲಿಲ್ಲ. ಒಂದು ಬೆಳಿಗ್ಗೆ ನಾನು ಜಗಲಿಯ ಮೇಲೆ ಸಂಘದ ಬಾವುಟ ಕಟ್ಟಿಕೊಂಡು ಕೂತಿದ್ದಾಗ ಓವರ್‌ಸಿಯರ್ ಬಂದರು. ಅವರ ಹಿಂದೆ ವಾರಗಿತ್ತಿ. ಒಳ್ಳೇ ಸೀರೆ ಉಟ್ಟು, ವಿಭೂತಿ ಧರಿಸಿ, ತಲೆ ಬಾಚಿ ಹೂ ಮುಡಿದಿದ್ದಳು.

"ನೀನು ಬರ್ನಿಲ್ಲ ಅಂದ್ರೆ ಊರಿನ ಅಂಚೆ ನಿಂತೋಯ್ತದಾ? ಬದಲಿ ತಂದಿವ್ನಿ. ಬೀಗದ ಕೈ ಕೊಡಮ್ಮ."

ಕೊಟ್ಟೆ. ಕೊಡದೆ ಏನು ಮಾಡಲಿ? ನನ್ನ ಮೇಜು, ನನ್ನ ಮೊಹರು, ನಮ್ಮ ಮಾವನವರು ಕೂರುತ್ತಿದ್ದ ಕುರ್ಚಿ. ಅದರಲ್ಲಿ ಅವಳು ಕೂತಳು. ಕಿಟಕಿಯ ಈಚೆ ನಾನು, ಆಚೆ ಅವಳು. ಓವರ್‌ಸಿಯರ್ ಅವಳಿಗೆ ಪಾಠ ಹೇಳುತ್ತಿದ್ದದ್ದು ನನಗೆ ಒಂದಕ್ಷರ ಬಿಡದೆ ಕೇಳಿಸುತ್ತಿತ್ತು. ನನಗೆ ಕೇಳಿಸಲಿ ಅಂತಲೇ ಅವರು ಗಟ್ಟಿಯಾಗಿ ಹೇಳುತ್ತಿದ್ದರು.

"ಬದಲಿ ಅಂದ್ರೇನು ಗೊತ್ತಾ ತಾಯಿ? ಮೂಲದವ್ಳು ಏನ್ ಮಾಡ್ತಾಳೋ ಅದನ್ನೇ ಮಾಡೋದು. ಒಂಚೂರು ಎಚ್ಚಿಲ್ಲ, ಒಂಚೂರು ಕಮ್ಮಿ ಇಲ್ಲ. ಸ್ವಂತ ಬುದ್ಧಿ ಓಡಿಸ್ಬೇಡ. ನೀನು ಸರಿಯಾಗಿ ನಡೆಸ್ಕೊಂಡೋದ್ರೆ, ಇವಳ್ನ ಪುಟ್ ಆಫ್ ಮಾಡ್ಸಿ ಆಫೀಸ್ನ ನಿನ್ ಮನೇಗೇ ಎತ್ತಾಕಿಸ್ತೀನಿ."

"ಬಾಡ್ಗೆ ಎಷ್ಟ್ ಕೊಡ್ತಾರೆ ಸಾರ್?"

"ಬಾಡ್ಗೆ ಎಲ್ಲಿಂದ ಬತ್ತದೆ? ಜಾಗ ನಿಂದೇ."

"ನಮ್ ಪಡಸಾಲೇಲಿ ರೇಷ್ಮೆ ಉಳ ಅವಲ್ಲ ಸಾರ್?"

"ಉಳ ಎತ್ತಿ ಬೇರೆ ಕಡೆ ಮಡಗು."

ಕೆಲಸ ಹೋಗುತ್ತದೆ ಅನ್ನುವುದಕ್ಕಿಂತ, ಅದು ಹೋಗಿ ಅವಳ ಮನೆ ಸೇರುತ್ತದೆ ಅನ್ನುವುದೇ ನನ್ನನ್ನು ಹೆಚ್ಚು ಸುಡುತ್ತಿತ್ತು. ನಾಳೆ ಊರಿನವರು ನನ್ನನ್ನು ಏನಂತ ಕರೆಯುತ್ತಾರೆ? ಪೋಸ್ಟಮ್ಮ ಅನ್ನುವುದು ಬಿಟ್ಟರೆ ನನಗೆ ಈ ಊರಿನಲ್ಲಿ ಬೇರೆ ಹೆಸರೇ ಇಲ್ಲ.

ಬಿಸಿಲೇರಿತು. ಅವಳು ಕುರ್ಚಿಯಲ್ಲಿ ಮುಳ್ಳಿನ ಮೇಲೆ ಕೂತಂತೆ ಆಡತೊಡಗಿದಳು. ನನಗೆ ಗೊತ್ತಾಯಿತು. ಹುಳುವಿಗೆ ಸೊಪ್ಪು ಹಾಕುವ ಹೊತ್ತು. ಪೊರೆ ಕಳಚುವ ಕೊನೆಯ ಜ್ವರ ಬಿಟ್ಟು ಎದ್ದ ಹುಳು ಹೊಟ್ಟೆಬಾಕನ ಹಾಗೆ ತಿನ್ನುತ್ತದೆ. ಆಗ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಗೂಡು ಸರಿಯಾಗಿ ಕಟ್ಟುವುದಿಲ್ಲ, ಅಷ್ಟು ದಿನದ ದುಡಿಮೆ ಮಣ್ಣು. ಅವಳ ಗಂಡ, ಹುಳು ಗೂಡು ಕಟ್ಟಲು ಬಿಡುವ ಚಂದ್ರಿಕೆ ತರಲು ಚಾಮರಾಜನಗರಕ್ಕೆ ಹೋಗಿದ್ದ.

"ಸಾರ್, ಒಂದ್ ಗಳಿಗೆ ಓಗಿ ಸೊಪ್ಪಾಕ್ಬುಟ್ಟು ಬತ್ತೀನಿ."

"ಆಫೀಸ್ ಟೈಮಲ್ಲಿ ಎದ್ದು ಓಗಂಗಿಲ್ಲ. ಓಗ್ಲೇಬೇಕು ಅಂದ್ರೆ ಬದಲಿ ಕೊಟ್ಟು ಓಗು."

"ನಾನೇ ಬದಲಿ ಅಲ್ವಾ ಸಾರ್?"

"ಬದಲೀಗೂ ಬದಲಿ ಬೇಕು ತಾಯಿ. ರೂಲು ಅಂದ್ರೆ ರೂಲು."

ಅವಳ ಕಣ್ಣಲ್ಲಿ ನೀರಾಡಿತು. ಆ ಕಿಟಕಿಯಿಂದ ಮುಖ ಹೊರಗೆ ಹಾಕಿ, ಇಷ್ಟು ವರ್ಷಗಳ ಮೇಲೆ ಮೊದಲ ಸಲ, ಹಸುವಿಗಲ್ಲ, ನನಗೇ ಅಂದಳು: "ಅಕ್ಕಾ... ಉಳಕ್ಕೆ ಒಂದೀಟು ಸೊಪ್ಪು..."

ಸಾಯಲಿ ನಿನ್ನ ಹುಳು ಅಂತ ನಾಲಗೆಯ ತುದಿಗೆ ಬಂದಿತ್ತು. ಆದರೆ ಹುಳು ಏನು ಮಾಡಿದ್ದವು, ಪಾಪ. ನನ್ನ ಒಲೆ ಹತ್ತಿರ ನಾನು ಹೋಗುವ ಹಾಗಿಲ್ಲ, ಅವಳ ಹುಳುವಿನ ಹತ್ತಿರ ಅವಳು ಹೋಗುವ ಹಾಗಿಲ್ಲ. ಇಬ್ಬರನ್ನೂ ಒಂದೇ ಪಡಸಾಲೆ ಹಿಡಿದು ಹಾಕಿತ್ತು. ಎದ್ದು ಹೋದೆ. ಕೈಕಾಲು ತೊಳೆದು, ಹುಳುವಿಗೆ ರೋಗ ತಾಗದಿರಲಿ ಅಂತ ಅವಳ ಬಾಗಿಲಲ್ಲಿ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋಗಿ, ತಟ್ಟೆ ತಟ್ಟೆಗೂ ಸೊಪ್ಪು ಹರಡಿದೆ. ತಲೆಯೆತ್ತಿ ಕಾಯುತ್ತಿದ್ದ ಹುಳುಗಳು ಗಬಗಬ ತಿನ್ನುವುದನ್ನು ನೋಡಿ ನನಗೇ ಹೊಟ್ಟೆ ತುಂಬಿದಂತಾಯಿತು.

ವಾಪಸು ಬಂದು ಬಾವುಟದ ಕೆಳಗೆ ಕೂತೆ. ಓವರ್‌ಸಿಯರ್ ಹುಬ್ಬು ಗಂಟಿಕ್ಕಿ, "ಮುಷ್ಕರ ಅಂತೀಯ, ಕೆಲ್ಸ ಮಾಡ್ಕೊಂಡು ಬತ್ತೀಯ?" ಅಂದರು.

"ಹುಳು ಇಲಾಖೆಗೆ ಸೇರಿಲ್ಲ ಸಾರ್."

ಆಗ ಅಡುಗೆಮನೆಯಿಂದ ಸೀದ ವಾಸನೆ ಬಂತು. ಅತ್ತೆ ಕಾದು ಕಾದು ತಾವೇ ಒಲೆ ಹಚ್ಚಿ ಸಾರಿಗೆ ಇಟ್ಟಿದ್ದರು. ನಾನು ಎದ್ದು ನಿಂತೆ, ಹೊಸ್ತಿಲು ದಾಟಲಾಗದೆ ಅಲ್ಲೇ ಒದ್ದಾಡಿದೆ. ವಾರಗಿತ್ತಿ ಕುರ್ಚಿ ಹಿಂದಕ್ಕೆ ತಳ್ಳಿ ಒಳಕ್ಕೆ ಓಡಿದಳು. ಓವರ್‌ಸಿಯರ್ ತಡೆಯಲಿಲ್ಲ. ಅಡುಗೆಮನೆಗೆ ಹೋಗಲು ಬದಲಿ ಬೇಕೋ ಬೇಡವೋ ಅನ್ನುವುದು ಅವರ ರೂಲಿನಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಒಳಗಿನಿಂದ ಪಾತ್ರೆ ಇಳಿಸಿದ ಸದ್ದು ಬಂತು. ಆಮೇಲೆ ಆ ಮನೆಯವರ ಮುಖ ನೋಡುವುದಿಲ್ಲ ಅಂತ ಆಣೆ ಮಾಡಿದ್ದ ನಮ್ಮತ್ತೆಯ ದನಿ: "ಬಂದದ್ದು ಬಂದಿದ್ದೀಯ, ಉಪ್ಪು ನೋಡು ಕಣಮ್ಮಿ."

ವಾರಗಿತ್ತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ನಡುಮನೆ ದಾಟಿ ಬಂದಳು. ಪಡಸಾಲೆ ದಾಟಿದಳು. ಕುರ್ಚಿಯ ಹತ್ತಿರ ನಿಲ್ಲಲಿಲ್ಲ. ಹೊಸ್ತಿಲು ದಾಟಿ ಜಗಲಿಗೆ ಬಂದು, ನನ್ನ ಪಕ್ಕದಲ್ಲಿ, ಬಾವುಟದ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಏಯ್! ಎಲ್ಲಿಗಮ್ಮಾ?" ಅಂತ ಓವರ್‌ಸಿಯರ್ ಕೂಗಿದರು.

"ಎಲ್ಗೂ ಇಲ್ಲ ಸಾರ್, ಡ್ಯೂಟಿಗೆ. ಮೂಲದವ್ಳು ಏನ್ ಮಾಡ್ತಾಳೋ ಅದನ್ನೇ ಮಾಡು ಅಂದ್ರಲ್ಲ? ನೋಡಿ, ಮೂಲದವ್ಳು ಮುಷ್ಕರ ಮಾಡ್ತಾವ್ಳೆ. ನಾನೂ ಮಾಡ್ತಿವ್ನಿ. ಒಂಚೂರು ಎಚ್ಚಿಲ್ಲ, ಒಂಚೂರು ಕಮ್ಮಿ ಇಲ್ಲ."

ಬೀದಿಯಲ್ಲಿ ನಿಂತವರೆಲ್ಲ ಹೋ ಅಂತ ನಕ್ಕರು. ಓವರ್‌ಸಿಯರ್ ಮುಖ ಸಪ್ಪೆ ಮಾಡಿಕೊಂಡು ಬೈಕಿನ ಕಡೆ ಹೆಜ್ಜೆ ಹಾಕಲು ನೋಡಿದರು. ಅವಳು ಬಿಡಲಿಲ್ಲ. "ಆಫೀಸ್ ತೆರ್ದದೆ ಸಾರ್, ಮೊಹರು ಮೇಜಿನ ಮೇಲದೆ. ಎದ್ದು ಓಗಂಗಿಲ್ಲ. ಓಗ್ಲೇಬೇಕು ಅಂದ್ರೆ ಬದಲಿ ಕೊಟ್ಟು ಓಗಿ."

ಆಮೇಲೆ ಮುಷ್ಕರ ಹೇಗೋ ಮುಗಿಯಿತು. ನನ್ನ ಬದಲಿಗೆ ಕೂರಲು ಊರಿನಲ್ಲಿ ಇನ್ನೊಬ್ಬರು ಒಪ್ಪಲಿಲ್ಲ, ಹಾಗಾಗಿ ಆಫೀಸು ಈಗಲೂ ನಮ್ಮ ಪಡಸಾಲೆಯಲ್ಲೇ ಇದೆ. ಹಿತ್ತಲ ಬಾಗಿಲಿಗೆ ಅಗುಳಿ ಮತ್ತೆ ಬೀಳಲಿಲ್ಲ. ಆದರೆ ಅವತ್ತಿನ ಕೊನೆಯ ಮಾತು ನಮ್ಮಿಬ್ಬರದೂ ಅಲ್ಲ. ಓವರ್‌ಸಿಯರ್ ಬೇರೆ ದಾರಿ ಕಾಣದೆ ಒಳಗೆ ಹೋಗಿ ಮಾವನವರ ಕುರ್ಚಿಯಲ್ಲಿ ಕೂತರು. ಅವರು ಕೂತದ್ದನ್ನು ನೋಡಿ ಅತ್ತೆಯೂ ಎಲೆಯಡಿಕೆ ಚೀಲ ಹಿಡಿದು ಗೋಡೆ ತಡವಿಕೊಂಡು ಹೊರಗೆ ಬಂದರು. ನಮ್ಮಿಬ್ಬರ ನಡುವೆ ಜಾಗ ಮಾಡಿಸಿಕೊಂಡು ಕೂತು, ಒಳಕ್ಕೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಓವರ್‌ಸೀರಪ್ಪ, ಒಳಗೆ ಇನ್ಯಾರೂ ಇಲ್ಲ, ನೀನೊಬ್ನೇ ಇರೋದು. ಒಲೆ ಮೇಲೆ ಆಲು ಮಡಗಿವ್ನಿ. ಆಫೀಸ್ ಟೈಮಲ್ಲಿ ಉಕ್ಕೋಯ್ತೋ, ನಿಂಗೆ ಪುಟಾಫೇ!"